ಬ್ರೇಕ್ ಕೆಲಸ ಮಾಡಿಸಿದೀನಿ

ಡಿಸೆಂಬರಿನ ಮೊದಲ ವಾರ ಒಂದು ಸಂಜೆ ಫೋನ್ ಬಂತು. ಆಗಸ್ಟಿನಲ್ಲಿ ನಮ್ಮ ತಂದೆಯ ಕಾರನ್ನು ಕೊಂಡವರು. ಹಾಸನದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ; ಹೈಸ್ಕೂಲಿನಲ್ಲಿ ಅಪ್ಪನ ವಿದ್ಯಾರ್ಥಿ. ಲಕ್ಷದೀಪಕ್ಕೆಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಯ ಮೇಲೆ ಧರ್ಮಸ್ಥಳಕ್ಕೆ ಹೋಗಿಬಂದಿದ್ದರಂತೆ. ವಾಪಸ್ ಬರುವಾಗ ಬೇಲೂರು ದಾಟಿದ ಮೇಲೆ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗಲು ಶುರುವಾಗಿದೆ.

‘ಮೇಡಂ, ಹೇಳೋಕೆ ನಾಚಿಕೆ ಆಗ್ತದೆ. ಮೇಷ್ಟ್ರು ಅಷ್ಟು ಚೆನ್ನಾಗಿ ಇಟ್ಕೊಂಡಿದ್ದ ಗಾಡಿ. ಘಾಟಿ ಇಳಿಯೋವಾಗ ಗೊತ್ತಾಗದೆ ಬ್ರೇಕ್ ಮೇಲೇ ಇಳಿಸ್ಬಿಟ್ಟೆ. ಡಿಸ್ಕು ಬೆಂಡ್ ಆಗಿದೆ ಅಂತ ಇಲ್ಲಿ ಎಲ್ರೂ ಅಂತಾರೆ. ಮೇಷ್ಟ್ರು ಯಾವ ಗ್ಯಾರೇಜಿಗೆ ಬಿಡ್ತಿದ್ರು ಅಂತ ಕೇಳೋಣ ಅಂತ ಮಾಡಿದೆ.’

ನಾನು ಗ್ಯಾರೇಜಿನ ಗುರುತು ಹೇಳಿದೆ. ‘ಬಿಡಿ ಅಣ್ಣ, ಹಳೇ ಗಾಡಿ, ಇವೆಲ್ಲ ಇದ್ದಿದ್ದೇ’ ಎಂದೂ ಹೇಳಿದೆ. ಅದೂ ಸುಳ್ಳೇನಲ್ಲ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಹಾಸ್ಟೆಲಿನ ಟೆರೇಸಿನಲ್ಲೇ ನಿಂತಿದ್ದೆ. ಆ ನಡುಕ ನನಗೆ ಗೊತ್ತಿತ್ತು. ಅದು ಮತ್ತೆ ಬರುತ್ತದೆಂದೂ ಗೊತ್ತಿತ್ತು. ಹೆಚ್ಚುಕಡಿಮೆ ಯಾವಾಗ ಬರುತ್ತದೆಂಬುದು ಕೂಡ.

ಅಪ್ಪನಿಗೆ ಗ್ಲಾಕೋಮಾ ಎಂದು ಗೊತ್ತಾದ ಮೇಲೆ ಅವರು ಕಾರು ಓಡಿಸುವುದನ್ನು ನಿಲ್ಲಿಸಿದರು. ಒಂದೂವರೆ ವರ್ಷ ಕಾರು ಶೆಡ್ಡಿನಲ್ಲೇ ನಿಂತಿತ್ತು. ನಾನು ಊರಿಗೆ ಹೋದಾಗ ಅದನ್ನು ಹೊರಗೆ ತೆಗೆದು ಒಂದು ಸುತ್ತು ಹಾಕಿ ಬರುತ್ತಿದ್ದೆ. ಒಮ್ಮೆ ಮೈಸೂರಿಗೇ ತಂದೆ. ಹೊಳೆನರಸೀಪುರ ದಾಟಿದ ಮೇಲೆ ಎಂಬತ್ತು, ತೊಂಬತ್ತರ ವೇಗದಲ್ಲಿ ಎದುರಿಗೆ ಎತ್ತಿನ ಗಾಡಿಯೊಂದು ಅಡ್ಡ ಬಂತೆಂದು ಬ್ರೇಕ್ ಒತ್ತಿದರೆ ಸ್ಟೇರಿಂಗ್ ನನ್ನ ಕೈಯಲ್ಲಿ ಜ್ವರ ಬಂದವರ ಹಾಗೆ ಅದುರಿತು. ಕಾರೇನೋ ನಿಂತಿತು. ಭಯ ಮಾತ್ರ ನಿಲ್ಲಲಿಲ್ಲ. ಅದೇ ಹೊತ್ತಿಗೆ ನನ್ನ ಫೆಲೋಶಿಪ್ ಐದು ತಿಂಗಳಿಂದ ಬಂದಿರಲಿಲ್ಲ, ಅಪ್ಪನ ಕಣ್ಣಿನ ಚಿಕಿತ್ಸೆಗೆ ಹಣ ಬೇಕಿತ್ತು. ಮಾರುವುದೆಂದು ತೀರ್ಮಾನಿಸಿದೆವು.

ಅಪ್ಪನ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದರು. ಅವರು ನನ್ನನ್ನು ಲಂಗ ಹಾಕುತ್ತಿದ್ದ ಕಾಲದಿಂದ ಬಲ್ಲವರು. ‘ನೋಡಮ್ಮ, ಸರಿಯಾಗಿ ಮಾಡ್ಬೇಕು ಅಂದ್ರೆ ಎರಡೂ ಡಿಸ್ಕು ಹೊಸದು, ಪ್ಯಾಡು ಹೊಸದು, ಹಬ್ಬಿನ ಮುಖದ ತುಕ್ಕು ಉಜ್ಜಿ ಗೇಜ್ ಇಟ್ಟು ನೋಡಿ ಕೂರಿಸ್ಬೇಕು. ಆರು ಸಾವಿರದ ಮೇಲೆ ಆಗ್ತದೆ. ಮಾರೋ ಗಾಡಿಗೆ ಯಾಕೆ ಸುಮ್ನೆ? ಲೇತಿಗೆ ಹಾಕ್ಸಿ ಡಿಸ್ಕು ಸ್ಕಿಮ್ ಮಾಡಿಸ್ಬಿಡ್ತೀನಿ. ಎಂಟುನೂರು ರೂಪಾಯಿ. ಮೂರ್ನಾಲ್ಕು ತಿಂಗಳು ಮಿಸುಕಲ್ಲ.’

ಅವರ ದನಿಯಲ್ಲಿ ಯಾವ ಕಳ್ಳತನವೂ ಇರಲಿಲ್ಲ. ಪರಿಚಯದ ಹುಡುಗಿಗೆ ದುಡ್ಡು ಉಳಿಸಿಕೊಡುವ ಕಕ್ಕುಲಾತಿ ಇತ್ತು. ನಾನು ಹೂಂ ಎಂದೆ.

ಈ ಸ್ಕಿಮ್ ಎಂಬುದು ಏನು, ಆ ನಡುಕ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ಸಂಕಟವೆಲ್ಲ ಆ ವಿವರದಲ್ಲೇ ಇದೆ.

ಮುಂದಿನ ಚಕ್ರದ ಹಿಂದೆ ಎರಕದ ಕಬ್ಬಿಣದ ಒಂದು ತಟ್ಟೆ ಚಕ್ರದ ಜೊತೆಗೇ ತಿರುಗುತ್ತದೆ. ಅದೇ ಡಿಸ್ಕ್. ಅದರ ಎರಡೂ ಮಗ್ಗುಲಿಗೆ ಎರಡು ಪ್ಯಾಡು. ಪೆಡಲ್ ಒತ್ತಿದರೆ ಎಣ್ಣೆಯ ಒತ್ತಡ ಆ ಪ್ಯಾಡುಗಳನ್ನು ತಟ್ಟೆಗೆ ಅಮುಕುತ್ತದೆ, ಓಟವೆಲ್ಲ ಬಿಸಿಯಾಗಿ ಬದಲಾಗುತ್ತದೆ. ಎಷ್ಟು ಬಿಸಿ ಎಂದರೆ, ಜನ ಕೂತು 1,200 ಕಿಲೋ ತೂಗುವ ಒಂದು ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಬಹುದು. ಅದೇ ಕಾರು ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿಯಿತೆಂದರೆ ಒಂದು ಕೊಡ ನೀರು ಕುದಿಯುವಷ್ಟು ಶಾಖ ಎಲ್ಲಾದರೂ ಹೋಗಲೇಬೇಕು. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ ಅದರಲ್ಲಿ ದೊಡ್ಡ ಪಾಲು ಹೊತ್ತುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಸುತ್ತ ಇಳಿಯುವವರ ಪಾಲಿಗೆ ಎಲ್ಲವೂ ಆ ತಟ್ಟೆಗಳ ತಲೆ ಮೇಲೆ.

ಹಾಗಾಗಿ ಬ್ರೇಕ್ ಒತ್ತಿದಾಗ ನಡುಕ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಬಿಸಿಗೆ ಡಿಸ್ಕು ಬೆಂಡಾಗಿದೆ. ಹಪ್ಪಳ ಸುಟ್ಟಾಗ ಸೊಟ್ಟಗಾಗುವುದನ್ನು ಕಂಡ ನಮಗೆ ಇದು ಸರಿಯೆಂದೇ ತೋರುತ್ತದೆ. ಆದರೆ ಸಾಮಾನ್ಯ ರಸ್ತೆಯ ಓಡಾಟದಲ್ಲಿ ಎರಕದ ಕಬ್ಬಿಣದ ಆ ದಪ್ಪ ತಟ್ಟೆ ನಿಜವಾಗಿ ಬಾಗುವುದು ಅಪರೂಪ. ಬಹುಪಾಲು ಸಲ ಆಗುವುದು ಬೇರೆ. ತಟ್ಟೆಯ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ತುಸು ದಪ್ಪ, ಇನ್ನೊಂದು ಕಡೆ ತುಸು ತೆಳು. ತುಸು ಎಂದರೆ ಮಿಲಿಮೀಟರಿನ ನೂರನೇ ಒಂದೆರಡು ಭಾಗ, ನೋಟ್‌ಬುಕ್ಕಿನ ಹಾಳೆಯ ದಪ್ಪದಲ್ಲಿ ಹತ್ತರಲ್ಲೊಂದು ಪಾಲು. ಕಣ್ಣಿಗೆ ಕಾಣದು, ಬೆರಳಿಗೆ ಸಿಗದು. ಆದರೆ ಪ್ಯಾಡಿಗೆ ಸಿಗುತ್ತದೆ. ದಪ್ಪದ ಭಾಗ ಬಂದಾಗಲೆಲ್ಲ ಹಿಡಿತ ಬಿಗಿಯಾಗಿ, ತೆಳುವಾದದ್ದು ಬಂದಾಗ ಸಡಿಲವಾಗಿ, ಅದೇ ನಡುಕವಾಗಿ ಸ್ಟೇರಿಂಗಿಗೆ ಏರುತ್ತದೆ. ಎಂಬತ್ತರ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಹನ್ನೆರಡು ಸುತ್ತು ಹಾಕುತ್ತದೆ. ಆ ಲಯ ಮುಂಭಾಗದ ಸಸ್ಪೆನ್ಶನ್ನಿನ ಸಹಜ ಲಯಕ್ಕೆ ಹತ್ತಿರವಾದ್ದರಿಂದ ಅಲ್ಲಿ ಅದುರು ದೊಡ್ಡದಾಗುತ್ತದೆ. ನಲವತ್ತರ ವೇಗದಲ್ಲಿ ಅದೇ ದೋಷ ಇದ್ದರೂ ಕೈಗೆ ಏನೂ ತಿಳಿಯದೆ ಹೋಗಬಹುದು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಪ್ಪ ಹೀಗೆ ಏರುಪೇರಾಗುವುದು ಹೇಗೆ? ಹಲವು ದಾರಿಗಳಿವೆ. ಜೋರಾಗಿ ಓಡಿಸಿಕೊಂಡು ಬಂದು ಸಿಗ್ನಲ್ಲಿನಲ್ಲಿ ಕಾದ ಪ್ಯಾಡನ್ನು ಹಾಗೇ ಒತ್ತಿಹಿಡಿದು ನಿಂತರೆ ಪ್ಯಾಡಿನ ಪದಾರ್ಥ ಆ ಜಾಗದಲ್ಲಿ ಅಂಟಿಕೊಳ್ಳಬಹುದು. ವಿಪರೀತ ಕಾದ ಕಡೆ ಕಬ್ಬಿಣದ ಗುಣವೇ ಬದಲಾಗಿ ಗಟ್ಟಿ ಕಲೆಗಳು ಮೂಡಬಹುದು. ನಮ್ಮ ಕಾರಿನಲ್ಲಿ ಆಗಿದ್ದು ಇವೆರಡಕ್ಕಿಂತ ನಿಧಾನದ್ದು. ಶೆಡ್ಡಿನಲ್ಲಿ ನಿಂತ ಒಂದೂವರೆ ವರ್ಷದಲ್ಲಿ, ಅದಕ್ಕೂ ಹಿಂದಿನ ಮಳೆಗಾಲಗಳಲ್ಲಿ, ಡಿಸ್ಕು ಕೂರುವ ಹಬ್ಬಿನ ಮುಖದ ಮೇಲೆ ತುಕ್ಕು ಬೆಳೆದಿತ್ತು. ಅಡಿಗಲ್ಲಿನ ಕೆಳಗೆ ಕಡ್ಡಿ ಸಿಕ್ಕಿಕೊಂಡ ಹಾಗೆ. ತಟ್ಟೆ ಒಂಚೂರು ಓರೆಯಾಗಿ ಕೂತು ತಿರುಗುವಾಗ ತೊನೆಯುತ್ತದೆ. ಈ ತೊನೆತ ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಐದು ಭಾಗದ ಆಸುಪಾಸಿನೊಳಗೆ ಇರಬೇಕು ಎನ್ನುತ್ತಾರೆ. ಮೀರಿದರೆ, ಬ್ರೇಕ್ ಒತ್ತದೇ ಓಡಿಸುವಾಗಲೂ ತಟ್ಟೆಯ ಉಬ್ಬಿದ ಭಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಲಕ್ಷಾಂತರ ಸಲ ಸವರಿ ಸವರಿ ಅಲ್ಲಿ ಮಾತ್ರ ಸವೆಯುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಒಂದು ದಿನ ಬ್ರೇಕ್ ಒತ್ತಿದಾಗ ನಡುಕ.

ಲೇತಿಗೆ ಹಾಕಿ ಸ್ಕಿಮ್ ಮಾಡುವುದೆಂದರೆ ತಟ್ಟೆಯ ಎರಡೂ ಮುಖವನ್ನು ತೆಳ್ಳಗೆ ಹೆರೆದು ದಪ್ಪವನ್ನು ಸಮ ಮಾಡುವುದು. ನಡುಕ ಅಂದೇ ಹೋಗುತ್ತದೆ. ಆದರೆ ಹಬ್ಬಿನ ತುಕ್ಕು ಇದ್ದಲ್ಲೇ ಇದೆ. ಸಮ ಮಾಡಿದ ತಟ್ಟೆಯನ್ನು ಅದೇ ತುಕ್ಕಿನ ಮೇಲೆ ಕೂರಿಸಿದರೆ ಮತ್ತೆ ಅದೇ ತೊನೆತ, ಮತ್ತೆ ಅದೇ ಸವರುವಿಕೆ. ಜೊತೆಗೆ ತಟ್ಟೆ ಮೊದಲಿಗಿಂತ ತೆಳುವಾಗಿದೆ, ಅಂದರೆ ಶಾಖವನ್ನು ಹೊರುವ ಶಕ್ತಿಯೂ ಅಷ್ಟು ಕಡಿಮೆ. ನಮ್ಮದರ ಅಂಚಿನಲ್ಲಿ ಕನಿಷ್ಠ ದಪ್ಪ 15 ಮಿಲಿಮೀಟರ್ ಎಂದು ಅಚ್ಚು ಹಾಕಿತ್ತು. ಹೆರೆದ ಮೇಲೆ 15ಕ್ಕಿಂತ ಕೂದಲೆಳೆಯಷ್ಟು ಮೇಲಿತ್ತೆಂದು ಮೆಕ್ಯಾನಿಕ್ ಹೇಳಿದ್ದರು.

ಇಷ್ಟೆಲ್ಲ ನನಗೆ ಆವತ್ತೇ ಗೊತ್ತಿತ್ತೆ? ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಆಮೇಲೆ ಓದಿಕೊಂಡೆ. ಆದರೆ ‘ಮೂರ್ನಾಲ್ಕು ತಿಂಗಳು’ ಎಂಬ ಮಾತು ಕಿವಿಯಾರೆ ಕೇಳಿದ್ದೆ. ಅದಕ್ಕೆ ಯಾವ ತಾಂತ್ರಿಕ ಜ್ಞಾನವೂ ಬೇಡ.

ಕೊಳ್ಳಲು ಬಂದ ದಿನ ಅವರು ಕಾರಿನ ಸುತ್ತ ಒಂದು ಸುತ್ತು ಹಾಕಿದರು, ನಮ್ಮ ಬಡಾವಣೆಯ ಗಲ್ಲಿಗಳಲ್ಲಿ ಒಂದು ಸುತ್ತು ಓಡಿಸಿದರು. ಮೂವತ್ತು, ನಲವತ್ತರ ವೇಗ. ಆಮೇಲೆ ಅಪ್ಪನ ಎದುರು ಕುರ್ಚಿಯ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತ, ‘ಮೇಷ್ಟ್ರ ಗಾಡಿ ಅಂದ್ಮೇಲೆ ನೋಡೋದೇನಿದೆ’ ಅಂದರು. ಅಪ್ಪ ನಕ್ಕರು. ಅಪ್ಪನಿಗೆ ಲೇತಿನ ಸಂಗತಿ ಗೊತ್ತಿರಲಿಲ್ಲ. ಆಗ ಅವರು ನನ್ನ ಕಡೆ ತಿರುಗಿ, ಏನೋ ಕೇಳಬೇಕಲ್ಲ ಎಂಬಂತೆ, ‘ಕೆಲಸ ಏನಾದ್ರೂ ಇದೆಯಾ ಮೇಡಂ?’ ಅಂದರು. ನಾನು, ‘ಬ್ಯಾಟರಿ ಹೊಸದು. ಬ್ರೇಕ್ ಕೆಲಸ ಮಾಡಿಸಿದೀನಿ’ ಎಂದೆ.

ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ರಸೀದಿಯೂ ಇತ್ತು.

ನನ್ನ ಪಿಎಚ್.ಡಿ. ವಿಷಯ ನೀತಿಶಾಸ್ತ್ರ. ಇದನ್ನು ಹೇಳಿಕೊಳ್ಳಲು ಈಗ ಸಂಕೋಚ. ಸುಳ್ಳು ಹೇಳುವುದಕ್ಕೂ ಸತ್ಯ ಹೇಳಿ ದಾರಿ ತಪ್ಪಿಸುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ನಾನೊಂದು ಸೆಮಿನಾರನ್ನೇ ಕೊಟ್ಟಿದ್ದೇನೆ. ಆ ಕ್ಷಣದಲ್ಲಿ ಅದು ಯಾವ ನೆರವಿಗೂ ಬರಲಿಲ್ಲ. ನಿಜ ಹೇಳಬೇಕೆಂದರೆ ನೆರವಿಗೇ ಬಂತು, ವಾಕ್ಯವನ್ನು ಅಷ್ಟು ನಾಜೂಕಾಗಿ ಕಟ್ಟಲು.

ಕಾನೂನು ಏನು ಹೇಳುತ್ತದೆಂದು ಆ ಫೋನ್ ಬಂದ ರಾತ್ರಿ ತೆಗೆದು ನೋಡಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಎಂದರೇನೆಂದು ಹೇಳುತ್ತದೆ. ಅದಕ್ಕೊಂದು ವಿವರಣೆ: ಇನ್ನೊಬ್ಬರ ಮನಸ್ಸು ಬದಲಿಸಬಹುದಾದ ಸಂಗತಿಯ ಬಗ್ಗೆ ಬರೀ ಸುಮ್ಮನಿರುವುದು ವಂಚನೆಯಲ್ಲ, ಮಾತಾಡಲೇಬೇಕಾದ ಸಂದರ್ಭವಾಗಿದ್ದರೆ ಅಥವಾ ಆ ಮೌನವೇ ಮಾತಿಗೆ ಸಮವಾಗಿದ್ದರೆ ಹೊರತು. ಆಮೇಲೆ ಉದಾಹರಣೆಗಳು ಬರುತ್ತವೆ, ಮೊದಲ ಮೂರೂ ಕುದುರೆಯವು. ಕಾಯ್ದೆ ಬರೆದವರ ಕಾಲಕ್ಕೆ ಸೆಕೆಂಡ್‌ಹ್ಯಾಂಡ್ ಗಾಡಿ ಎಂದರೆ ಕುದುರೆಯೇ ತಾನೆ. ಒಬ್ಬ ತನ್ನ ರೋಗಿಷ್ಟ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ: ವಂಚನೆಯಲ್ಲ. ಕೊಳ್ಳುವವಳು ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ, ಆ ಸಂಬಂಧದ ಕಾರಣಕ್ಕೆ ಹೇಳಬೇಕಾದದ್ದು ಅವನ ಕರ್ತವ್ಯ. ಮೂರನೆಯದು ಓದಿದಾಗ ನನಗೆ ಮುಖ ಬಿಸಿಯಾಯಿತು. ಕೊಳ್ಳುವವನು ಹೇಳುತ್ತಾನೆ: ನೀನು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ. ಮಾರುವವನು ಸುಮ್ಮನಿರುತ್ತಾನೆ. ಇಲ್ಲಿ ಮೌನವೇ ಮಾತು.

‘ಮೇಷ್ಟ್ರ ಗಾಡಿ ಅಂದ್ಮೇಲೆ ನೋಡೋದೇನಿದೆ’ ಎಂಬುದು ಇದೇ ವಾಕ್ಯವಲ್ಲದೆ ಇನ್ನೇನು? ಮಗಳ ಉದಾಹರಣೆಯೂ ಸಂಬಂಧವಿಲ್ಲದ್ದಲ್ಲ. ಮೇಷ್ಟ್ರಿಗೂ ವಿದ್ಯಾರ್ಥಿಗೂ ಇರುವುದು ಕಾನೂನಿನ ಕಣ್ಣಿಗೆ ಏನೂ ಅಲ್ಲದಿರಬಹುದು. ಆದರೆ ಆ ಮನುಷ್ಯ ಕುರ್ಚಿಯ ತುದಿಯಲ್ಲಿ ಕೂತಿದ್ದು ಆ ಸಂಬಂಧಕ್ಕೆ ಮರ್ಯಾದೆ ಕೊಟ್ಟೇ, ಬೇರೆ ಮೆಕ್ಯಾನಿಕ್‌ನನ್ನು ಕರೆತರದೆ ಬಂದದ್ದೂ ಅದಕ್ಕಾಗಿಯೇ.

ಅದೇ ಕಾಯ್ದೆಯ 19ನೇ ಕಲಮಿನಲ್ಲಿ ಮಾರುವವರಿಗೆ ಒಂದು ಕಂಡಿ ಇದೆ. ಮೌನದಿಂದ ಮೋಸಹೋದವನಿಗೆ ಸಾಧಾರಣ ಎಚ್ಚರದಿಂದ ನಿಜ ತಿಳಿದುಕೊಳ್ಳುವ ದಾರಿ ಇದ್ದಿದ್ದರೆ, ಅವನು ಕರಾರನ್ನು ರದ್ದು ಮಾಡಲಾರ. ನೀವೇ ಓಡಿಸಿ ನೋಡಿದಿರಲ್ಲ ಎಂಬ ವಾದ. ಸ್ಕಿಮ್ ಮಾಡಿಸದೇ ಮಾರಿದ್ದರೆ ಈ ಕಂಡಿಯಲ್ಲಿ ನಾನು ನುಸುಳಬಹುದಿತ್ತೇನೋ. ಹೈವೇಗೆ ತೆಗೆದುಕೊಂಡು ಹೋಗಿ ಒಮ್ಮೆ ಬ್ರೇಕ್ ಒತ್ತಿದ್ದರೆ ಕಾರೇ ಅವರಿಗೆ ಎಲ್ಲ ಹೇಳಿಬಿಡುತ್ತಿತ್ತು. ಆ ನಡುಕ ಒಂದು ಸಾಕ್ಷಿ. ನಾನು ಸುಮ್ಮನಿದ್ದರೂ ಸಾಕ್ಷಿ ಸುಮ್ಮನಿರುತ್ತಿರಲಿಲ್ಲ. ನಾನು ಮಾಡಿದ್ದು ಸಾಕ್ಷಿಯ ಬಾಯಿ ಕಟ್ಟಿದ್ದು, ಅದೂ ಅಂಗಡಿಯ ರಸೀದಿ ಪಡೆದು. ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದನ್ನು 17ನೇ ಕಲಮು ಬರೀ ಮೌನದಿಂದ ಬೇರೆಯಾಗಿಯೇ ನೋಡುತ್ತದೆ, ವಂಚನೆಯ ಸಾಲಿಗೇ ಸೇರಿಸುತ್ತದೆ.

ಆದರೆ ಇಲ್ಲೊಂದು ಕಷ್ಟವಿದೆ. ಡಿಸ್ಕು ಸ್ಕಿಮ್ ಮಾಡಿಸುವುದು ಮರೆಮಾಚುವ ಕೆಲಸವೇ? ಊರೂರಿನ ಗ್ಯಾರೇಜುಗಳಲ್ಲಿ ನಡೆಯುವ ನ್ಯಾಯವಾದ ರಿಪೇರಿ ಅದು. ಅದೇ ಲೇತು, ಅದೇ ಉಳಿ, ಅದೇ ಎಂಟುನೂರು ರೂಪಾಯಿ. ಕಾರನ್ನು ನಾನೇ ಇಟ್ಟುಕೊಂಡಿದ್ದು, ಹಣ ಬರುವವರೆಗೆ ಸದ್ಯಕ್ಕೆ ಎಂದು ಅದನ್ನೇ ಮಾಡಿಸಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಹಾಗಾದರೆ ಒಂದೇ ಕೆಲಸ ಒಮ್ಮೆ ರಿಪೇರಿ, ಇನ್ನೊಮ್ಮೆ ವಂಚನೆ ಆಗುವುದು ಯಾವುದರಿಂದ? ಉದ್ದೇಶದಿಂದ ಎನ್ನುವುದು ಸುಲಭದ ಉತ್ತರ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಉದ್ದೇಶವೆಂಬುದು ನಮ್ಮೊಳಗೆ ಬಲು ಬೇಗ ಬಣ್ಣ ಬದಲಿಸುತ್ತದೆ. ಆವತ್ತು ಕೇಳಿದ್ದರೆ, ಕೊಳ್ಳುವವರಿಗೆ ಒಳ್ಳೆ ಸ್ಥಿತಿಯಲ್ಲಿ ಕೊಡೋಣ ಎಂದು ಮಾಡಿಸಿದೆ ಅನ್ನುತ್ತಿದ್ದೆ, ಅರ್ಧ ನಂಬಿಯೂ ಇರುತ್ತಿದ್ದೆ. ನನಗೆ ಕಾಣುವ ಗೆರೆ ಇನ್ನೂ ಸ್ಥೂಲವಾದದ್ದು. ಕಾರಣ ಇನ್ನೂ ಒಳಗಿದೆಯೆಂದು ತಿಳಿದೂ ಲಕ್ಷಣವನ್ನು ಮಾತ್ರ ತೆಗೆದರೆ, ಆ ತಿಳಿವಳಿಕೆಯನ್ನೂ ವಸ್ತುವಿನ ಜೊತೆ ಕೈದಾಟಿಸಬೇಕು. ‘ಸ್ಕಿಮ್ ಮಾಡಿಸಿದೀನಿ, ಹಬ್ ನೋಡಿಸಿಲ್ಲ, ಮತ್ತೆ ಬರಬಹುದು’ ಎಂಬ ಇನ್ನೂ ಆರು ಪದ ಸೇರಿದ್ದರೆ ಅದೇ ಎಂಟುನೂರು ರೂಪಾಯಿಯ ಕೆಲಸ ರಿಪೇರಿಯಾಗಿ ಉಳಿಯುತ್ತಿತ್ತು.

ಧರ್ಮರಾಯನ ಕಥೆ ನೆನಪಾಗದೆ ಇರಲು ಸಾಧ್ಯವೇ? ನಮ್ಮಲ್ಲಿ ಈ ವಿಷಯಕ್ಕೆ ಎಲ್ಲರೂ ಹೋಗುವುದು ಅಲ್ಲಿಗೇ. ಅಶ್ವತ್ಥಾಮ ಸತ್ತ ಎಂದು ಗಟ್ಟಿಯಾಗಿ, ಆನೆ ಎಂಬುದನ್ನು ಅಸ್ಪಷ್ಟವಾಗಿ. ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆವತ್ತು ನೆಲ ಮುಟ್ಟಿತು. ಕಥೆ ಹೇಳುವವರೆಲ್ಲ ಆ ಪಿಸುಮಾತಿನ ಮೇಲೆ ನಿಲ್ಲುತ್ತಾರೆ. ನನಗೆ ಈಗ ತಡೆದು ನಿಲ್ಲಿಸುವುದು ಆನೆ. ಅಶ್ವತ್ಥಾಮ ಎಂಬ ಹೆಸರಿನ ಒಂದು ಆನೆಯನ್ನು ಭೀಮ ಮೊದಲೇ ಹೋಗಿ ಕೊಂದು ಬಂದಿರುತ್ತಾನೆ. ಯಾಕೆ? ಯುದ್ಧದ ದೃಷ್ಟಿಯಿಂದ ಆ ಆನೆ ಸತ್ತು ಆಗಬೇಕಾದದ್ದೇನೂ ಇರಲಿಲ್ಲ. ಒಂದು ವಾಕ್ಯ ನಿಜವಾಗಲಿ ಎಂದು ಮಾತ್ರ ಅದು ಸಾಯಬೇಕಾಯಿತು. ಸುಳ್ಳು ಹೇಳಲಾರದವನಿಗಾಗಿ ಒಂದು ನಿಜವನ್ನು ತಯಾರು ಮಾಡಿಕೊಟ್ಟರು.

ನನ್ನ ಆನೆ ಲೇತಿನ ಮೇಲೆ ಸತ್ತದ್ದು. ಸ್ಕಿಮ್ ಮಾಡಿಸದೆ ‘ಬ್ರೇಕ್ ಕೆಲಸ ಮಾಡಿಸಿದೀನಿ’ ಎಂದಿದ್ದರೆ ಅದು ನೇರ ಸುಳ್ಳಾಗುತ್ತಿತ್ತು, ಅದನ್ನು ನನ್ನ ಬಾಯಿ ಆಡುತ್ತಿರಲಿಲ್ಲ. ನಾನು ಅಂಥವಳಲ್ಲ ಎಂಬ ನಂಬಿಕೆ ನನಗಿದೆ. ಆ ನಂಬಿಕೆಯನ್ನು ಉಳಿಸಿಕೊಳ್ಳಲು ಎಂಟುನೂರು ರೂಪಾಯಿ ಖರ್ಚಾಯಿತು. ನಿರ್ಲಜ್ಜವಾಗಿ ಸುಳ್ಳು ಹೇಳುವವನಿಗೆ ಈ ಖರ್ಚು ಇರುವುದಿಲ್ಲ. ಕೊಳ್ಳುವವನಿಗೆ ಅವನ ಕಣ್ಣಲ್ಲಾದರೂ ಏನಾದರೂ ಕಂಡೀತು. ನಿಜದ ವಾಕ್ಯ ಹಿಡಿದವಳ ಕಣ್ಣಲ್ಲಿ ಏನೂ ಕಾಣುವುದಿಲ್ಲ, ಅವಳಿಗೇ ಕಾಣದಿರುವಾಗ.

ಇದೆಲ್ಲ ಅತಿಯಾಯಿತು ಎನ್ನುವವರಿದ್ದಾರೆ. ಗೆಳತಿಯೊಬ್ಬಳು ಹಾಗೇ ಅಂದಳು. ಹಳೆ ಕಾರು, ಹಳೆ ಕಾರಿನ ಬೆಲೆ. 1,85,000ಕ್ಕೆ ಕೊಟ್ಟ ಗಾಡಿಯಲ್ಲಿ ಏನೋ ಒಂದು ಇದ್ದೇ ಇರುತ್ತದೆಂದು ಕೊಳ್ಳುವವರಿಗೂ ಗೊತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಜನ ನಾವು. ಮಾರುವವರು ಎಲ್ಲವನ್ನೂ ಬಾಯಿ ಬಿಡಬೇಕೆಂದರೆ ಸಂತೆಯೇ ನಡೆಯದು. ಇದು ಹೊಸ ವಾದವೇನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೋ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಜಗಳವಿದೆ. ಮನೆಯೊಂದರಲ್ಲಿ ಹುಳುಕಿದೆ, ವಾಸಕ್ಕೆ ಕೆಟ್ಟದ್ದು, ಮಾಲೀಕನಿಗೆ ಮಾತ್ರ ಗೊತ್ತು. ಹೇಳದೆ ಮಾರಬಹುದೇ? ಡಯೋಜಿನಿಸ್ ಎಂಬ ಗುರು (ಪೀಪಾಯಿಯಲ್ಲಿದ್ದವನಲ್ಲ, ಬ್ಯಾಬಿಲೋನಿನವನು) ಮಾರಬಹುದು ಎಂಬ ಕಡೆ. ಕೊಳ್ಳು ಎಂದು ಯಾರೂ ಬಲವಂತ ಮಾಡಿಲ್ಲವಲ್ಲ. ಅವನ ಶಿಷ್ಯ ಆಂಟಿಪೇಟರ್ ಕೂಡದು ಎಂಬ ಕಡೆ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತ ಇದು ಕೆಟ್ಟದ್ದು, ಗೊತ್ತಿದ್ದೂ ತಪ್ಪುದಾರಿಗೆ ಬಿಟ್ಟಂತೆ. ಸಿಸೆರೋ ಶಿಷ್ಯನ ಪಕ್ಷ. ಗೆಳತಿ ಗುರುವಿನ ಪಕ್ಷ. ಅವಳ ವಾದದಲ್ಲಿ ಒಂದನ್ನು ನಾನು ಒಪ್ಪುತ್ತೇನೆ: ಅಪರಿಚಿತ ಡೀಲರಿಗೆ ಮಾರಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ಅವನು ಹತ್ತು ಗಾಡಿ ನೋಡಿದವನು, ನಂಬದೇ ಇರುವುದೇ ಅವನ ಕಸುಬು, ನಂಬದಿರುವುದಕ್ಕೆ ತಕ್ಕ ಹಾಗೆ ಬೆಲೆ ಕತ್ತರಿಸುತ್ತಾನೆ. ಡೀಲರು 1,60,000 ಕೇಳಿದ್ದ. ಮೇಲಿನ 25,000 ಬಂದದ್ದು ‘ಮೇಷ್ಟ್ರ ಗಾಡಿ’ ಎಂಬ ಹೆಸರಿಗೆ. ಅಂದರೆ ನಂಬಿಕೆಗೆ ಅವರು ದುಡ್ಡು ಎಣಿಸಿ ಕೊಟ್ಟಿದ್ದರು, ನಾನು ಎಣಿಸಿ ತೆಗೆದುಕೊಂಡಿದ್ದೆ.

ಏನೂ ಆಗಲಿಲ್ಲವಲ್ಲ ಎಂಬುದು ಗೆಳತಿಯ ಕೊನೆಯ ಮಾತು. ನಿಜ, ಏನೂ ಆಗಲಿಲ್ಲ. ಡಿಸ್ಕಿನ ನಡುಕ ಬಹುಪಾಲು ಹೆದರಿಸುತ್ತದೆಯೇ ಹೊರತು ಕಾರು ನಿಲ್ಲುತ್ತದೆ. ಆದರೆ ಇಲ್ಲಿ ಹೆರೆದು ತೆಳುವಾದ ತಟ್ಟೆಗಳಿದ್ದವು, ಹೆಂಡತಿ, ಇಬ್ಬರು ಮಕ್ಕಳು, ಚಾರ್ಮಾಡಿಯ ತಿರುವುಗಳು, ಬ್ರೇಕ್ ಮೇಲೇ ಇಳಿಸಿದ ಒಬ್ಬ ಹೊಸ ಚಾಲಕ ಇದ್ದರು. ಅಮೆರಿಕದ ತತ್ತ್ವಜ್ಞ ಥಾಮಸ್ ನೇಗೆಲ್ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆದ ಪ್ರಬಂಧದಲ್ಲಿ ಒಬ್ಬ ಚಾಲಕ ಬರುತ್ತಾನೆ. ಬ್ರೇಕ್ ಪರೀಕ್ಷೆ ಮಾಡಿಸದ ಸಣ್ಣ ಅಲಕ್ಷ್ಯ ಅವನದು. ರಸ್ತೆಗೆ ಮಗು ಅಡ್ಡ ಬಂದರೆ ಜೀವನವಿಡೀ ಕೊರಗುತ್ತಾನೆ. ಬರದಿದ್ದರೆ ಅದೇ ಅಲಕ್ಷ್ಯ ಹೊತ್ತು ನೆಮ್ಮದಿಯಾಗಿ ಮನೆ ಸೇರುತ್ತಾನೆ. ತಪ್ಪು ಒಂದೇ, ವ್ಯತ್ಯಾಸ ಮಗುವಿನದು. ಈ ಪ್ರಬಂಧವನ್ನು ನಾನು ಎಂ.ಎ. ವಿದ್ಯಾರ್ಥಿಗಳಿಗೆ ಎರಡು ಸಲ ಪಾಠ ಮಾಡಿದ್ದೇನೆ. ಬ್ರೇಕಿನ ಉದಾಹರಣೆ ಬರೀ ಉದಾಹರಣೆ ಎಂದುಕೊಂಡು. ಅಪಘಾತವಾಗಿದ್ದರೆ ನಾನು ಏನೆಂದು ನನಗೆ ಗೊತ್ತಾಗುತ್ತಿತ್ತು. ಆಗದಿದ್ದುದರಿಂದ ಗೊತ್ತಾಗದೆ ಉಳಿಯುವ ಸೌಕರ್ಯ ನನ್ನ ಪಾಲಿಗೆ ಬಂದಿದೆ.

ಬಂದಿತ್ತು, ಆ ಫೋನ್ ಬರುವವರೆಗೆ. ಅವರು ಬೈದಿದ್ದರೆ ನಾನು ವಾದ ಹೂಡುತ್ತಿದ್ದೆ, ನನಗೆ ಆ ಅಭ್ಯಾಸ ಇದೆ. ಅವರು ಕ್ಷಮೆ ಕೇಳಿದರು. ನಾನು ಮಾಡಿದ್ದನ್ನು ತಾವು ಮಾಡಿದ್ದು ಎಂದುಕೊಂಡು, ಮೇಷ್ಟ್ರ ಗಾಡಿ ಕೆಡಿಸಿದೆನಲ್ಲ ಎಂದು ನೊಂದುಕೊಂಡಿದ್ದರು. ಇಲ್ಲಿಯೇ ಆ ತಾಂತ್ರಿಕ ವಿವರ ಬರೀ ತಾಂತ್ರಿಕವಾಗಿ ಉಳಿಯದೆ ಹೋಗುವುದು. ಡಿಸ್ಕು ಬಿಸಿಗೆ ಬೆಂಡಾಯಿತು ಎಂಬ ಜನಪ್ರಿಯ ವಿವರಣೆ ತಪ್ಪನ್ನು ಯಾವಾಗಲೂ ಕೊನೆಯಲ್ಲಿ ಓಡಿಸಿದವನ ಮೇಲೆ ಹಾಕುತ್ತದೆ. ನಿನ್ನೆ ಬ್ರೇಕ್ ಜೋರಾಗಿ ಒತ್ತಿದ್ದು ಯಾರು? ಅವನೇ. ಹಬ್ಬಿನ ತುಕ್ಕು, ತೊನೆತ, ಸಾವಿರಾರು ಕಿಲೋಮೀಟರಿನ ಸವರುವಿಕೆ ಎಂಬ ವಿವರಣೆ ಹಿಡಿದರೆ ಬೆರಳು ಹಿಂದಕ್ಕೆ ತಿರುಗಿ ಶೆಡ್ಡಿನವರೆಗೆ, ಗ್ಯಾರೇಜಿನಲ್ಲಿ ಹೂಂ ಅಂದವಳವರೆಗೆ ಬರುತ್ತದೆ. ಘಾಟಿಯ ಪಾಲು ಏನೂ ಇಲ್ಲ ಎನ್ನಲಾರೆ. ಕಾದ ಪ್ಯಾಡು ತನ್ನ ಕೆಲಸ ಮಾಡಿಯೇ ಇರುತ್ತದೆ, ತೆಳುವಾದ ತಟ್ಟೆಯ ಮೇಲೆ ಇನ್ನಷ್ಟು. ಆದರೆ ಅವರ ಕೈಯಲ್ಲಿ ಪೂರ್ತಿ ಕಾರಣ ಇರಲಿಲ್ಲ, ನನ್ನ ಕೈಯಲ್ಲಿತ್ತು. ಕಾರು ಮಾರುವಾಗ ಮುಚ್ಚಿಟ್ಟದ್ದು ಒಂದು ದೋಷವನ್ನು. ‘ಬಿಡಿ ಅಣ್ಣ, ಹಳೇ ಗಾಡಿ’ ಎಂದಾಗ ಮುಚ್ಚಿಟ್ಟದ್ದು ಅವರು ನಿರ್ದೋಷಿ ಎಂಬುದನ್ನು. ಎರಡನೆಯದು ಹೆಚ್ಚು ಕೆಟ್ಟದ್ದೆಂದು ನನಗೆ ಅನ್ನಿಸುತ್ತದೆ. ಅದಕ್ಕೆ ದುಡ್ಡಿನ ಕಷ್ಟವೆಂಬ ನೆವವೂ ಇರಲಿಲ್ಲ.

ಎರಡು ದಿನ ಬಿಟ್ಟು ಫೋನ್ ಮಾಡಿದೆ. ಎಲ್ಲ ಹೇಳಿದೆ: ಹೊಳೆನರಸೀಪುರದ ಎತ್ತಿನ ಗಾಡಿ, ಲೇತು, ಎಂಟುನೂರು ರೂಪಾಯಿ, ಮೂರ್ನಾಲ್ಕು ತಿಂಗಳು. ಘಾಟಿಯಲ್ಲಿ ನೀವು ಏನೂ ಹಾಳು ಮಾಡಿಲ್ಲ, ಮೊದಲೇ ಇತ್ತು ಎಂದೆ. ಆ ಕಡೆಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ಜೆರಾಕ್ಸ್ ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು.

‘ಮೇಷ್ಟ್ರಿಗೆ ಗೊತ್ತಿತ್ತಾ?’ ಅಂದರು.

‘ಇಲ್ಲ ಅಣ್ಣ. ಅವರಿಗೆ ಇವತ್ತಿಗೂ ಗೊತ್ತಿಲ್ಲ.’

‘ಹಂಗಾರೆ ಸರಿ’ ಅಂದರು. ನನಗೆ ಬೇರೇನೂ ಹೇಳಲಿಲ್ಲ.

ಖರ್ಚು ನಾನೇ ಕೊಡುತ್ತೇನೆಂದೆ. ಬೇಡ ಅನ್ನಲಿಲ್ಲ, ಅದು ನನಗೆ ಸಮಾಧಾನವಾಯಿತು. ಆ ಭಾನುವಾರ ಊರಿಗೆ ಹೋದವಳು ಗ್ಯಾರೇಜಿಗೂ ಹೋದೆ. ಮೆಕ್ಯಾನಿಕ್ ನನ್ನನ್ನು ನೋಡಿ, ‘ಏನಮ್ಮ ನೀನು, ಹೇಳ್ಕೋತಾರಾ ಇದನ್ನೆಲ್ಲ’ ಎಂದು ಗೊಣಗಿದರು. ಹಳೆ ಡಿಸ್ಕುಗಳನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ತಂತಿ ಬ್ರಷ್ಷಿನಿಂದ ಹಬ್ಬಿನ ಮುಖ ಉಜ್ಜಿದರೆ ಕೆಂಪು ಪುಡಿ ಉದುರಿತು. ಮೊದಲೆಲ್ಲ ಇಂಥ ಧೂಳನ್ನು ಗಾಳಿಯ ಪೈಪ್ ಹಿಡಿದು ಊದಿಬಿಡುತ್ತಿದ್ದರು. ಆಗಿನ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು, ಅದನ್ನು ಉಸಿರಾಡಿದವರ ಕಥೆ ಇನ್ನೊಂದೇ ಪ್ರಬಂಧ. ಇವರು ಈಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ.

ಹೊಸ ತಟ್ಟೆ ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಒಂದೇ ಸಮ ಬಿಗಿದು, ಅಂಚಿಗೆ ಗೇಜ್ ಇಟ್ಟು ಕೈಯಲ್ಲಿ ಚಕ್ರ ತಿರುಗಿಸಿದರು. ಮುಳ್ಳು ಎರಡು ಗೆರೆ ಆಚೆ ಹೋಗಿ ಎರಡು ಗೆರೆ ಈಚೆ ಬಂತು. ಅವರು ಗೇಜಿನ ಮುಖವನ್ನು ಕಾರು ಕೊಂಡವರ ಕಡೆ ತಿರುಗಿಸಿ ತೋರಿಸಿದರು. ಆ ಮನುಷ್ಯ ಬಗ್ಗಿ, ಇನ್ನೊಂದು ಸಲ ತಿರುಗಿಸಿ ಎಂದು ಹೇಳಿ, ಮುಳ್ಳು ಒಂದು ಸುತ್ತು ಮುಗಿಸುವವರೆಗೆ ಕಣ್ಣು ಮಿಟುಕಿಸದೆ ನೋಡಿದರು.